ಕೂಲಂಕಷಾನೋ ಕೂಲಂಕುಶಾನೋ? ಹೊಳಿ ದಂಡಿಗೆ ಹೋಗಿ ನೋಡೂಣು ಬರ್ರಿ

ಪ್ರಶ್ನೆ: ಸರ್, ನಮ್ಮ ಆಫೀಸಿನ್ಯಾಗ ಒಬ್ಬರು 'ಕೂಲಂಕುಶವಾಗಿ ಪರಿಶೀಲಿಸಿ' ಅಂತ ಟೈಪ್ ಮಾಡ್ತಾರ, ಇನ್ನೊಬ್ಬರು ಅದನ್ನ 'ಕೂಲಂಕಷ' ಅಂತ ತಿದ್ದತಾರ. ಯಾವ್ದು ಕರೆಕ್ಟ್? ಮತ್ತ ಈ 'ಕೂಲ' ಅಂದ್ರರ ಏನು? (ಹಾವೇರಿ ಕಡೆ ಓದುಗರು)

ತಿದ್ದಿದವರ ಕಡೆ ನಾನು. ಕೂಲಂಕಷನ ಸರಿ. ಈ ಪ್ರಶ್ನೆ ಬಾಳ ಮಂದಿ ಕೇಳ್ತಾರ, ಯಾಕಂದ್ರ ಪೇಪರ್ನ್ಯಾಗ ಕೂಲಂಕುಷ, ಕೂಲಂಕುಶ ಎಲ್ಲಾ ನಮೂನಿ ಕಾಣತಾವ. ಅಂಕುಶ ಅನ್ನೋ ಪದ ನಮಗ ಮೊದ್ಲ ಗೊತ್ತಿರ್ತೈತಿ, ಹಿಂಗಾಗಿ ಕಿವಿ ತಾನಾಗೇ ಅದನ್ನ ತಂದು ಜೋಡಿಸ್ತೈತಿ. ಆದ್ರ ಅಂಕುಶ ಅಂದ್ರ ಮಾವುತ ಆನಿನ್ನ ತಡೆಯೂ ಕೊಕ್ಕೆ, ಇಲ್ಲಿ ಇರೂದು ಯಾರೂ ತಡೀಲಿಕ್ಕೆ ಆಗದ ಹೊಳಿ!

ಕೂಲ ಅಂದ್ರ ಸಂಸ್ಕೃತದಾಗ ಹೊಳಿ ದಂಡಿ. (ಕೂಲಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಅದು ಅಪ್ಪಟ ನಮ್ಮ ದ್ರಾವಿಡ ಪದ.) ಕಷ ಅಂದ್ರ ಉಜ್ಜೂದು, ತಿಕ್ಕೂದು, ಕೆರೆಯೂದು. ಪತ್ತಾರರು ಬಂಗಾರಾನ ಒರೆಗಲ್ಲಿಗೆ ತಿಕ್ಕಿ ನೋಡ್ತಾರಲ್ಲ, ಆ ಕಲ್ಲಿಗೆ ನಿಕಷ ಅಂತ ಹೆಸರು, ಅದರಾಗೂ ಇದ ಧಾತು, ಅಂದ್ರ ಪದದ ಬೇರು. ಹಂಗಾದ್ರ ಕೂಲಂಕಷ ಅಂದ್ರ ದಂಡಿ ತಿಕ್ಕೂದು, ದಂಡಿ ಕೊರಕೊಂಡು ಹೋಗೂದು. ನಡುವಿನ ಸೊನ್ನಿ ಎಲ್ಲಿಂದ ಬಂತು ಅಂದ್ರ, ಭಯಂಕರ, ವಿಶ್ವಂಭರ, ವಸುಂಧರಾ, ಪ್ರಿಯಂವದಾ ಇವುಗಳಾಗ ಬಂದಂಗ ಇಲ್ಲೂ ಬಂದೈತಿ, ಅಷ್ಟ.

ಸಂಸ್ಕೃತ ವ್ಯಾಕರಣ ಬರದ ಪಾಣಿನಿ ಇದಕ್ಕಂತನ ಒಂದು ಸೂತ್ರ ಇಟ್ಟಾನ, ತನ್ನ ಗ್ರಂಥ ಅಷ್ಟಾಧ್ಯಾಯಿ 3.2.42ರಾಗ. ಸರ್ವ, ಕೂಲ, ಅಭ್ರ, ಕರೀಷ ಈ ನಾಲ್ಕರ ಮುಂದ ಕಷ ಹೆಂಗ ಹತ್ತತೈತಿ ಅಂತ. ಅದಕ್ಕ ವ್ಯಾಕರಣದವರು ಕೊಟ್ಟ ಉದಾಹರಣಿ ನೋಡಿದ್ರ ನಗು ಬರ್ತೈತಿ: ಎಲ್ಲಾರನ್ನೂ ಅರದು ಹಾಕೂ ದುಷ್ಟ ಸರ್ವಂಕಷ, ಮೋಡಕ್ಕ ತಿಕ್ಕೂ ಗುಡ್ಡ ಅಭ್ರಂಕಷ, ದಂಡಿ ಕೊರಿಯೂ ನದಿ ಕೂಲಂಕಷಾ, ಇನ್ನ ಕರೀಷಂಕಷಾ ಅಂದ್ರ ಕುಳ್ಳು ಕೆರಕೊಂಡು ಹೋಗೂ ಸುಂಟರಗಾಳಿ. ಹಿತ್ತಲದಾಗ ಕುಳ್ಳು ಒಣಹಾಕಿದವ್ರಿಗೆ ಈ ಪದದ ಬೆಲಿ ಗೊತ್ತು. ಪಾಪ, ಅದೊಂದು ಕನ್ನಡಕ್ಕ ಬರಲೇ ಇಲ್ಲ.

ಕಾಳಿದಾಸನೂ ಇದನ್ನ ಮೂಲ ಅರ್ಥದಾಗ ಬಳಸ್ಯಾನ, ಶಾಕುಂತಲದ 5ನೇ ಅಂಕದಾಗ. ಮರತ ದುಷ್ಯಂತ ತುಂಬಿದ ಆಸ್ಥಾನದಾಗ ಶಕುಂತಲೆಗೆ ಏನಂತಾನಂದ್ರ, ದಂಡಿ ಕೊರಿಯೂ ನದಿ ತನ್ನ ತಿಳಿನೀರನ್ನೂ ರಾಡಿ ಮಾಡಿಕೊಂಡು ದಂಡಿ ಮ್ಯಾಲಿನ ಗಿಡಾನೂ ಕೆಡವತೈತೆಲ್ಲ, ಹಂಗ ನೀ ನಿನ್ನ ಮನೆತನದ ಹೆಸರೂ ಕೆಡಿಸಿ ನನ್ನೂ ಬೀಳಸಾಕ ಹೊಂಟೀಯೇನು ಅಂತ. ಉಂಗುರ ಕಳಕೊಂಡಿದ್ದು ಆಕಿ ಖರೆ, ನೆನಪು ಕಳಕೊಂಡಾಂವ ಈತ, ಮ್ಯಾಲ ಉಪಮಾ ಬ್ಯಾರೆ.

ಹುಬ್ಬಳ್ಳ್ಯಾಗ ಕುಂತವ್ರಿಗೆ ಇದು ಥಟ್ಟನ ಕಣ್ಣಿಗೆ ಕಟ್ಟೂದಿಲ್ಲ, ನಮಗಿರೂದು ಉಣಕಲ್ ಕೆರಿ, ಅದು ಯಾವ ದಂಡೀನೂ ಕೊರಿಯೂದಿಲ್ಲ. ವರದಾ, ಮಲಪ್ರಭಾ ದಂಡಿ ಮಂದೀನ ಕೇಳಬೇಕು. ಹೊಳಿ ತಿರುವಿನ್ಯಾಗ ಹೊರಗಿನ ಬಾಜೂಕ ನೀರು ಜೋರ ಹರೀತೈತಿ, ಬುಡದ ಮಣ್ಣು ಕೆರಕೊಂಡು ಹೋಗ್ತೈತಿ, ಮ್ಯಾಲ ನೋಡಿದ್ರ ಎಲ್ಲಾ ಸರಿ ಇದ್ದಂಗ ಕಾಣ್ತೈತಿ, ಆಮ್ಯಾಲ ಒಂದಿನ ಎರಿ ಮಣ್ಣಿನ ದೊಡ್ಡ ಹೆಂಟಿ ಧಡ್ ಅಂತ ನೀರಿಗೆ ಬೀಳ್ತೈತಿ, ಹೊಲದ ಬದು ಸಮೇತ. ಕೆರದ ಮಣ್ಣು ಮುಂದಿನ ತಿರುವಿನ ಒಳಗಿನ ಬಾಜೂಕ ಹೋಗಿ ಕೂಡ್ತೈತಿ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೆ, ರೋಣ ತಾಲೂಕಿನ ಹೊಳೆಆಲೂರಿಗೆ ನೀರು ನುಗ್ಗಿತ್ತಲ್ಲ, ಅದು ದಂಡಿ ಕೊರಿಯೂದನ್ನೂ ದಾಟಿದ ಮಾತು.

ಇನ್ನ ಕೊರಿಯೂ ಹೊಳಿ 'ಪೂರಾ ವಿಚಾರ ಮಾಡೂದು' ಹೆಂಗ ಆತು? ಮಳಿಗಾಲದಾಗ ತುಂಬಿದ ಹೊಳಿ ಈ ದಂಡಿಯಿಂದ ಆ ದಂಡಿ ತನಕ ಎರಡೂ ಕಡೆ ತಿಕ್ಕಕೋತ ಹರೀತೈತಿ, ನಡುವ ಒಣ ಜಾಗಾನ ಉಳಿಯೂದಿಲ್ಲ. ಒಂದು ವಿಷಯಾನ ಹಂಗ ಅಂಚಿನಿಂದ ಅಂಚಿಗೆ ಮುಟ್ಟಿ ನೋಡಿದ್ರ ಅದು ಕೂಲಂಕಷ ಚರ್ಚೆ. ನನಗ ಹಿಂಗ ಅರ್ಥ ಆಗ್ತೈತಿ. ತೆಲುಗಿನವರೂ ಇದ ಅರ್ಥದಾಗ ಇದ ಪದ ಬಳಸ್ತಾರ. ಆಮೂಲಾಗ್ರ ಅನ್ನೂದು ಬೇರಿನಿಂದ ತುದಿ ತನಕ, ಅಂದ್ರ ಗಿಡದ ಲೆಕ್ಕ, ಇದು ಹೊಳಿ ಲೆಕ್ಕ. ಬೇಸಿಗಿ ಹಳ್ಳದಂಗ ನಡುವ ಒಂದು ಎಳಿ ನೀರು ಹರಿದಷ್ಟ ಫೈಲ್ ನೋಡಿ ಕೆಳಗ 'ಕೂಲಂಕಷವಾಗಿ ಪರಿಶೀಲಿಸಲಾಗಿದೆ' ಅಂತ ಸೈನ್ ಹಾಕೋರು ಇದ್ದಾರ, ಅವ್ರ ವಿಷಯ ಬ್ಯಾಡ ಬಿಡ್ರಿ.

ಕೂಲ ಅಂತ ಬರೇ ಒಂದ ಪದ ಕನ್ನಡದಾಗ ಓಡಾಡೂದಿಲ್ಲ ಅಂದ್ರೂ ದಿನಾ ಬಾಯಾಗ ಐತಿ. ಅನುಕೂಲ ಅಂದ್ರ ಮೂಲದಾಗ ದಂಡಿಗುಂಟ, ಹರಿವಿನ ಜೋಡಿ ಹೋಗೂದು, ಪ್ರತಿಕೂಲ ಅಂದ್ರ ಅದಕ್ಕ ಎದುರ. ಹೆಣ್ಣು ಕೊಡೂ ಮುಂದ 'ಮನಿ ಕಡೆ ಅನುಕೂಲ ಅದಾರಂತ' ಅಂತಾರಲ್ಲ, ಅಲ್ಲೂ ಹೊಳಿ ಹರೀಲಿಕ್ಕತ್ತೈತಿ. ದಂಡಿಗೆ ಇನ್ನೊಂದು ಹೆಸರು ತಟ, ಎರಡು ಗುಂಪು ಜಗಳಾಡೂ ಮುಂದ ನೀರಿಗಿಳೀದ ದಂಡಿ ಮ್ಯಾಲ ನಿಂತಾಂವ ತಟಸ್ಥ. ಆಚೆ ದಂಡಿ ಪಾರ, ಅಲ್ಲಿ ಮುಟ್ಟಿದಾಂವ ಪಾರಂಗತ, ಆಚೆ ದಂಡೀನ ಕಾಣದ್ದು ಅಪಾರ.

ಹಂಗಂತ ನಾಳೆ ಲೆಟರ್‌ನ್ಯಾಗ 'ವರದಾ ನದಿಯ ಕೂಲದಲ್ಲಿ' ಅಂತ ಬರದೀರಿ ಮತ್ತ, ಯಾರಿಗೂ ತಿಳಿಯೂದಿಲ್ಲ. ಅಲ್ಲಿ ದಡ ಅಂತನೋ ದಂಡೆ ಅಂತನೋ ಬರೀರಿ. ಪರಿಶೀಲನೆ ಬಂದಲ್ಲಿ ಮಾತ್ರ ಕೂಲಂಕಷ, ಷ ಹೊಟ್ಟೆ ಸೀಳಿದ್ದು.