ಹೊರದೇಶದ ಅನಿಲವನ್ನು ತರಿಸಿ ಉರಿಸುವುದು ಶುದ್ಧ ಇಂಧನದ ದಾರಿಯೇ?

ಪ್ರಶ್ನೆ: ನೈಸರ್ಗಿಕ ಅನಿಲವೂ ಕಲ್ಲಿದ್ದಲಿನಂತೆ ಪಳೆಯುಳಿಕೆ ಇಂಧನವೇ. ಹಾಗಿದ್ದರೂ ಅದರ ಆಮದನ್ನು ಶುದ್ಧ ಇಂಧನದತ್ತ ಇಟ್ಟ ಹೆಜ್ಜೆ ಎನ್ನುವುದೇಕೆ?

ಉತ್ತರ: ಆಮದಾದ ಅನಿಲ ಯಾವ ಇಂಧನದ ಜಾಗಕ್ಕೆ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲು ಉರಿಸಿದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡಿನ ಸುಮಾರು ಅರ್ಧದಷ್ಟು ಮಾತ್ರ ಆಧುನಿಕ ಅನಿಲ ಸ್ಥಾವರದಿಂದ ಹೊಮ್ಮುತ್ತದೆ. ಹಾರುಬೂದಿಯಂತೂ ಇರುವುದೇ ಇಲ್ಲ. ಗಾಳಿ ನಿಂತಾಗ, ಬಿಸಿಲು ಇಳಿದಾಗ ಈ ಸ್ಥಾವರಗಳನ್ನು ಬೇಗನೆ ಚಾಲೂ ಮಾಡಬಹುದು. ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚುವಂತಾದುದಕ್ಕೆ ಪವನ ವಿದ್ಯುತ್ತಿನ ಜೊತೆಗೆ ಅನಿಲವೂ ಕಾರಣ.

ಆದರೆ ಈ ಲೆಕ್ಕ ಒಲೆಯ ಬಾಯಿಯದು ಮಾತ್ರ, ದಾರಿಯ ಖರ್ಚು ಇದರಲ್ಲಿಲ್ಲ. ಹಡಗಿಗೆ ತುಂಬಬೇಕಾದರೆ ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿ ದ್ರವವಾಗಿಸಿ, ಗಾತ್ರವನ್ನು ಆರುನೂರರಲ್ಲಿ ಒಂದು ಪಾಲಿಗೆ ಇಳಿಸಬೇಕು, ಮತ್ತು ಈ ಕೆಲಸವೇ ಗಣನೀಯ ಶಕ್ತಿಯನ್ನು ನುಂಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಸೋರಿಕೆಯದು. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಉರಿಯದೆ ವಾತಾವರಣ ಸೇರಿದ ಮೀಥೇನ್, 20 ವರ್ಷಗಳ ಅವಧಿಯಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಬಾವಿಯಿಂದ ಬರ್ನರ್‌ವರೆಗಿನ ಹಾದಿಯಲ್ಲಿ ನೂರರಲ್ಲಿ ಕೆಲವೇ ಪಾಲು ಸೋರಿದರೂ ಕಲ್ಲಿದ್ದಲಿನ ಎದುರು ಗಳಿಸಿದ ಲಾಭ ಕರಗಿಹೋಗುತ್ತದೆ. ಸೋರಿಕೆಯ ಮಾಪನವನ್ನು ತೋರಿಸದ ಮಾರಾಟಗಾರರ ಅನಿಲವನ್ನು ಶುದ್ಧವೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಐರೋಪ್ಯ ಒಕ್ಕೂಟವು 2024ರ ಮೀಥೇನ್ ನಿಯಮಾವಳಿಯಲ್ಲಿ ಆಮದುದಾರರಿಂದಲೂ ಇಂಥ ಮಾಹಿತಿಯನ್ನು ಕೇಳತೊಡಗಿರುವುದು ಸರಿಯಾದ ಕ್ರಮ.

ಬೆಲೆಯ ಅಸ್ಥಿರತೆಯೂ ಸಣ್ಣ ಮಾತಲ್ಲ. 2022ರಲ್ಲಿ ರಷ್ಯಾದ ಕೊಳವೆ ಅನಿಲ ಕಡಿಮೆಯಾದಾಗ ಯುರೋಪ್ ಹೆಚ್ಚು ಬೆಲೆ ಕೊಟ್ಟು ಹಡಗುಗಳನ್ನು ತನ್ನತ್ತ ಸೆಳೆಯಿತು. ಆ ಬೆಲೆ ಕೊಡಲಾಗದ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಜನ ವಿದ್ಯುತ್ ಕಡಿತವನ್ನು ಅನುಭವಿಸಬೇಕಾಯಿತು. ಬಡವರ ಮನೆಯ ದೀಪ ಆರಿಸುವ ಪರಿವರ್ತನೆಯನ್ನು ನ್ಯಾಯವಾದುದೆಂದು ಹೇಳಲಾಗದು.

ಇನ್ನು ಒಪ್ಪಂದಗಳ ಅವಧಿ. ಅದೇ ವರ್ಷ ಕತಾರ್ ಮತ್ತು ಚೀನಾದ ತೈಲ ಕಂಪನಿ ಸಿನೋಪೆಕ್ ನಡುವೆ 27 ವರ್ಷಗಳ ಪೂರೈಕೆ ಒಪ್ಪಂದವಾಯಿತು. ಇಷ್ಟು ದೀರ್ಘಕಾಲ ಕೊಳ್ಳಲೇಬೇಕೆಂದು ಕಟ್ಟುಬಿದ್ದ ದೇಶಕ್ಕೆ, ಸೌರ ವಿದ್ಯುತ್ತು ಮತ್ತು ಬ್ಯಾಟರಿಗಳು ಅಗ್ಗವಾದಾಗಲೂ ಅನಿಲವನ್ನು ಬಿಡುವುದು ಕಷ್ಟವಾಗುತ್ತದೆ. ಜರ್ಮನಿಯು 2022ರ ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ಸ್‌ಹಾಫನ್ ಬಂದರಿನಲ್ಲಿ ಆರಂಭಿಸಿದಂಥ ತೇಲುವ ಟರ್ಮಿನಲ್ಲನ್ನಾದರೆ (ಹಡಗಿನಲ್ಲಿ ಬಂದ ಅನಿಲವನ್ನು ಇಳಿಸಿಕೊಳ್ಳುವ ನೆಲೆ) ಬೇಡಿಕೆ ತಗ್ಗಿದ ಮೇಲೆ ಬೇರೆ ಬಂದರಿಗೆ ಸಾಗಿಸಬಹುದು. ದಡದ ಮೇಲೆ ಕಟ್ಟಿದ ಟರ್ಮಿನಲ್ಲಿಗೆ ಆ ಅವಕಾಶವಿಲ್ಲ.