ಫೋಟೋಗೆ ಮಾಡಿಸಿದ ಮರದ ಹಲಗೆ ಯಾಕೆ ಹೊಳೆಯುತ್ತದೆ?

ಓದುಗರ ಪ್ರಶ್ನೆ: ಅಡುಗೆ ಫೋಟೋ ತೆಗೆಯೋಕೆ ಅಂತ ಬಡಗಿ ಹತ್ತಿರ ಒಂದು ಮರದ ಹಲಗೆ ಮಾಡಿಸಿದೆ. ನೋಡೋಕೆ ಚೆನ್ನಾಗಿಯೇ ಇದೆ. ಆದರೆ ಫೋಟೋದಲ್ಲಿ ಒಂದು ಕಡೆ ಬೆಳ್ಳಗೆ ಹೊಳೆಯುತ್ತದೆ, ಇನ್ನೊಂದು ಕಡೆ ಕೆಂಪಗೆ ಕಾಣುತ್ತದೆ. ತಟ್ಟೆಗಿಂತ ಮೊದಲು ಹಲಗೆಯೇ ಕಣ್ಣಿಗೆ ಬೀಳುತ್ತದೆ. ಸರಿಯಾದ ಹಲಗೆ ಮನೆಯಲ್ಲೇ ಮಾಡಿಕೊಳ್ಳೋದು ಹೇಗೆ?

ಉತ್ತರ: ನಿಮ್ಮ ಹಲಗೆಯ ಮರ ಚೆನ್ನಾಗಿಯೇ ಇರಬಹುದು. ತೊಂದರೆ ಇರುವುದು ಮೇಲಿನ ಪಾಲಿಶ್‌ನಲ್ಲಿ. ನಮ್ಮ ಬಡಗಿಗಳ ಕೈಯಲ್ಲಿ ಮರ ಅಂದರೆ ಮಿರಮಿರ ಮಿಂಚಬೇಕು. ಬಾಗಿಲಿಗೆ, ಮಂಚಕ್ಕೆ, ದೇವರ ಮಂಟಪಕ್ಕೆ ಅದೇ ಸರಿ. ಕ್ಯಾಮೆರಾಗೆ ಮಾತ್ರ ಅದು ಆಗಿಬರುವುದಿಲ್ಲ.

ಅಡುಗೆ ಫೋಟೋಗೆ ಸಾಮಾನ್ಯವಾಗಿ ಕಿಟಕಿಯ ಬೆಳಕು ತಟ್ಟೆಯ ಹಿಂದಿನಿಂದ ಅಥವಾ ಪಕ್ಕದಿಂದ ಬೀಳುವ ಹಾಗೆ ಇಡುತ್ತೇವೆ. ಸಾರಿನ ಮೇಲಿನ ಒಗ್ಗರಣೆ ಮಿನುಗಬೇಕಾದರೆ ಹಾಗೇ ಬೇಕು. ಪಾಲಿಶ್ ಮಾಡಿದ ಹಲಗೆ ಆ ಬೆಳಕನ್ನು ಚದುರಿಸದೆ ಒಂದೇ ದಿಕ್ಕಿಗೆ ವಾಪಸ್ ಎಸೆಯುತ್ತದೆ. ಆ ದಿಕ್ಕಿನಲ್ಲೇ ನಿಮ್ಮ ಲೆನ್ಸ್ ಇರುತ್ತದೆ. ನೀವು ನೋಡುತ್ತಿರುವ ಬಿಳಿ ಕಲೆ ನಿಮ್ಮ ಮನೆಯ ಕಿಟಕಿಯದೇ ಪ್ರತಿಬಿಂಬ. ಪಾಲಿಶ್ ಇಲ್ಲದ, ಸ್ವಲ್ಪ ತರಿತರಿಯಾದ ಮರದ ಮೇಲೆ ಅದೇ ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಆಗ ಮರದ ಎಳೆ ಕಾಣುತ್ತದೆ, ಕಿಟಕಿ ಕಾಣುವುದಿಲ್ಲ.

ಈಗಿರುವ ಹಲಗೆಯನ್ನು ಬಿಸಾಡಬೇಡಿ. 80 ನಂಬರ್ ಸ್ಯಾಂಡ್‌ಪೇಪರ್ ತಂದು ಪಾಲಿಶ್ ಪೂರ್ತಿ ಹೋಗುವ ತನಕ ಉಜ್ಜಿ, ಆಮೇಲೆ 120ರಲ್ಲಿ ಒಂದು ಸುತ್ತು. ಅಲ್ಲಿಗೆ ನಿಲ್ಲಿಸಿ. 320ರ ತನಕ ಹೋದರೆ ಮರ ಮತ್ತೆ ನುಣುಪಾಗಿ ಹೊಳೆಯಲು ಶುರುವಾಗುತ್ತದೆ. ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು, ಇದು ಮುಖ್ಯ. ಅಡ್ಡ ಉಜ್ಜಿದ ಗೀರುಗಳು ಬರಿಗಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಪಕ್ಕದ ಬೆಳಕು ಬಿದ್ದ ಕೂಡಲೇ ಒಂದೊಂದೂ ಎದ್ದು ಕಾಣುತ್ತದೆ.

ಹೊಸದಾಗಿ ಮಾಡುವುದಾದರೆ ದುಬಾರಿ ಮರ ಬೇಡ. ತೇಗ ನಿಜಕ್ಕೂ ದಂಡ. ಯಂತ್ರಗಳ ಜೊತೆ ಬರುವ ಪೈನ್ ಮರದ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ಗಳ ಹಲಗೆ ಸಾಕು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಹತ್ತಿರ, ಗುಜರಿಗಳಲ್ಲಿ ಇವು ಸಿಗುತ್ತವೆ. ಕೊಳ್ಳುವ ಮೊದಲು ಹಲಗೆಯ ಮೇಲಿನ ಮುದ್ರೆ ನೋಡಿ. ಮರದ ಪ್ಯಾಕಿಂಗ್ ಜೊತೆ ಕೀಟಗಳು ದೇಶದಿಂದ ದೇಶಕ್ಕೆ ಹೋಗಬಾರದು ಅಂತ 2002ರಲ್ಲಿ ಒಂದು ಅಂತರರಾಷ್ಟ್ರೀಯ ನಿಯಮ ಬಂತು. ಅದರ ಪ್ರಕಾರ ಮರಕ್ಕೆ ಏನು ಮಾಡಿದ್ದಾರೆ ಎನ್ನುವುದನ್ನು ಒತ್ತಿರುತ್ತಾರೆ. ‘ಎಚ್‌ಟಿ’ ಅಂದರೆ ಬಿಸಿ ಮಾಡಿ ಹುಳ ಸಾಯಿಸಿದ್ದು, ಅದನ್ನು ತನ್ನಿ. ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಊಟದ ಪಕ್ಕ ಇಡುವ ಹಲಗೆಗೆ ಅದು ಬೇಡ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಆ ಮರ ಎಷ್ಟೇ ಚೆಂದ ಇದ್ದರೂ ಮನೆಗೆ ತರಬೇಡಿ. ಒಳಗೆ ಹುಳ ಇದೆ, ನಾಳೆ ನಿಮ್ಮ ಬಾಗಿಲಿಗೂ ಹತ್ತುತ್ತದೆ.

ಹಳೆಯ ಮನೆ ಕೆಡವಿದಾಗ ಸಿಗುವ ಬಣ್ಣ ಹೊಡೆದ ಬಾಗಿಲುಗಳ ಮೇಲೆ ತುಂಬ ಜನರಿಗೆ ಆಸೆ. ಪದರ ಎದ್ದ ನೀಲಿ, ಹಸಿರು ಬಣ್ಣ ಫೋಟೋದಲ್ಲಿ ಸೊಗಸಾಗಿ ಬರುತ್ತದೆ, ನಿಜ. ಆದರೆ ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅಂಥ ಬಾಗಿಲನ್ನು ಮನೆಯೊಳಗೆ ಉಜ್ಜಿ ಧೂಳೆಬ್ಬಿಸಬೇಡಿ. ಮಕ್ಕಳಿರುವ ಮನೆಗೆ ತರಲೇಬೇಡಿ.

ಪಕ್ಕಪಕ್ಕ ಜೋಡಿಸುವ ಹಲಗೆಗಳು ತಲಾ 3–4 ಇಂಚು ಅಗಲ ಇರಲಿ. ನಮ್ಮ ಊಟದ ತಟ್ಟೆ 11 ಇಂಚಿನ ಆಸುಪಾಸು ಇರುತ್ತದೆ. ಹಲಗೆ ತುಂಬ ಅಗಲವಾದರೆ ತಟ್ಟೆ ಚಿಕ್ಕದಾಗಿ ಕಾಣುತ್ತದೆ. ಹಿಂದೆ ಎರಡು ಮೂರು ರೀಪರ್ (ಮರದ ಕಿರಿದಾದ ಪಟ್ಟಿ) ಅಡ್ಡ ಇಟ್ಟು, ಹಿಂದಿನಿಂದಲೇ ಸ್ಕ್ರೂ ಹಾಕಿ. ಸ್ಕ್ರೂ ತುದಿ ಮುಂದೆ ಬಾರದ ಹಾಗೆ ಉದ್ದ ಅಳೆದುಕೊಳ್ಳಿ. ಪೂರ್ತಿ ಫೆವಿಕಾಲ್ ಹಚ್ಚಿ ಅಂಟಿಸಬೇಡಿ. ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಅಲ್ಲ. ಹಿಗ್ಗಲು ಜಾಗ ಸಿಗದಿದ್ದರೆ ಹಲಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹಾಗಾಗಿ ಎರಡು ಹಲಗೆಗಳ ಮಧ್ಯೆ ಒಂದು ನಾಣ್ಯದ ದಪ್ಪ ಸಂದು ಬಿಡಿ. ಮಲೆನಾಡು, ಕರಾವಳಿಯವರು ಇದನ್ನು ಮರೆಯಬಾರದು. ಸಂದಿನಿಂದ ಕೆಳಗಿನ ಬಿಳಿ ಟೈಲ್ಸ್ ಇಣುಕದಿರಲಿ ಅಂತ ಹಿಂದೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಮೇಲಿನಿಂದ ತೆಗೆಯುವ ಫೋಟೋದಲ್ಲಿ ಈ ಕಪ್ಪು ಗೆರೆಗಳೇ ಹಲಗೆಗೆ ಆಳ ಕೊಡುತ್ತವೆ.

ಗರಗಸ ಹಿಡಿಯುವುದು ಕಷ್ಟ ಅನ್ನುವವರು ಪ್ಲೈವುಡ್ ಅಂಗಡಿಯಲ್ಲೇ ಕತ್ತರಿಸಿಕೊಡಿ ಅಂತ ಕೇಳಬಹುದು. 8×4 ಅಡಿಯ ಒಂದು ಶೀಟಿನಲ್ಲಿ 2×4 ಅಡಿಯ ನಾಲ್ಕು ತುಂಡು ಬರುತ್ತದೆ. ಅದರ ಮೇಲೆ ತೆಳು ಪಟ್ಟಿಗಳನ್ನು ಅಂಟಿಸಿಕೊಳ್ಳಿ. ಬರೀ ಪ್ಲೈ ಮೇಲೆ ಗೆರೆ ಕೊರೆದು ಹಲಗೆ ಅಂತ ತೋರಿಸುವುದು ನನಗೆ ಹಿಡಿಸುವುದಿಲ್ಲ. ಎಳೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾಗೇ ಮುಂದುವರಿಯುವುದರಿಂದ ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಈಗ ಬಣ್ಣ. ಕೆಂಪು, ಕಿತ್ತಳೆ ಛಾಯೆಯ ಪಾಲಿಶ್ ಎರಡು ರೀತಿ ಕಾಟ ಕೊಡುತ್ತದೆ. ಆ ಬಣ್ಣ ಬಿಳಿ ತಟ್ಟೆಯ ಅಂಚಿಗೆ ಮೆತ್ತಿಕೊಳ್ಳುತ್ತದೆ. ಚಿತ್ರದ ತುಂಬ ಕಿತ್ತಳೆ ಇರುವುದನ್ನು ಕಂಡ ಫೋನು, ಬೆಳಕೇ ಹಾಗಿದೆ ಅಂದುಕೊಂಡು ಎಲ್ಲವನ್ನೂ ನೀಲಿ ಕಡೆಗೆ ಎಳೆಯುತ್ತದೆ. ಆಗ ಇಡ್ಲಿ ನೀಲಿಯಾಗಿ ಕಾಣುತ್ತದೆ. ಅದಕ್ಕೇ ಬೂದು ಮಿಶ್ರಿತ ಕಂದು ಬಣ್ಣ ಒಳ್ಳೆಯದು. ಬಿಸಿಲು ಮಳೆಗೆ ವರ್ಷಗಟ್ಟಲೆ ನಿಂತ ಮರದ ಬಣ್ಣ.

ಆ ಬಣ್ಣವನ್ನು ಅಡುಗೆಮನೆಯ ಸಾಮಾನಿನಲ್ಲೇ ತರಬಹುದು. ಒಂದು ಗಾಜಿನ ಬಾಟಲಿಗೆ ವಿನೆಗರ್ ಹಾಕಿ, ಅದರಲ್ಲಿ ಕಬ್ಬಿಣದ ಮೊಳೆಗಳನ್ನು ಒಂದೆರಡು ದಿನ ನೆನೆಸಿ. ಅನಿಲ ಹೊರಡುತ್ತದೆ, ಮುಚ್ಚಳ ಬಿಗಿಯಬೇಡಿ, ಒಲೆಯ ಹತ್ತಿರ ಇಡಬೇಡಿ. ಪಾತ್ರೆ ಉಜ್ಜುವ ಸ್ಟೀಲ್ ನಾರು ಇದಕ್ಕೆ ಬಾರದು. ಅದು ಸಾಮಾನ್ಯವಾಗಿ ತುಕ್ಕು ಹಿಡಿಯದ ಸ್ಟೀಲು, ವಿನೆಗರ್‌ನಲ್ಲಿ ಸುಮ್ನೆ ಕೂತಿರುತ್ತದೆ. ಕಬ್ಬಿಣ ಕರಗಿದ ಈ ನೀರು ಮರದ ಒಗರಿನ ಜೊತೆ, ಅಂದರೆ ಟ್ಯಾನಿನ್ ಜೊತೆ ಸೇರಿದಾಗ ಬೂದು ಬಣ್ಣ ಹುಟ್ಟುತ್ತದೆ. ಪೈನ್ ಮರದಲ್ಲಿ ಒಗರು ಕಡಿಮೆ. ಆದ್ದರಿಂದ ಮೊದಲು ಗಟ್ಟಿ ಟೀ ಡಿಕಾಕ್ಷನ್ ಬಳಿದು ಒಣಗಿಸಿ. ಆಮೇಲೆ ಬ್ರಷ್‌ನಿಂದ ವಿನೆಗರ್ ನೀರು ಹಚ್ಚಿ. ಹಚ್ಚಿದಾಗ ಏನೂ ಆಗಿಲ್ಲ ಅನಿಸುತ್ತದೆ. ಸ್ವಲ್ಪ ಹೊತ್ತಿಗೆ ಹಳದಿ ಮರ ನಿಧಾನವಾಗಿ ಮಂಕಾಗುತ್ತಾ, ಎಳೆಗಳ ಸುತ್ತ ಕಪ್ಪಾಗುತ್ತಾ ಬರುತ್ತದೆ. ಎರಡನೇ ಕೋಟ್ ಹಚ್ಚುವ ಮೊದಲು ಪೂರ್ತಿ ಒಣಗಲು ಬಿಡಿ, ಯಾಕೆಂದರೆ ಬಣ್ಣ ಕೊನೆಯ ತನಕ ಏರುತ್ತಲೇ ಇರುತ್ತದೆ. ಇನ್ನೂ ಹಳತಾಗಿ ಕಾಣಬೇಕಾದರೆ ಟೀ ಹಚ್ಚುವುದಕ್ಕೂ ಮೊದಲು ತಂತಿ ಬ್ರಷ್‌ನಲ್ಲಿ ಎಳೆಯ ಗುಂಟ ಜೋರಾಗಿ ಉಜ್ಜಿ. ಮೆತ್ತನೆ ಭಾಗ ಹೋಗಿ ಗಟ್ಟಿ ಎಳೆ ಉಬ್ಬಿ ನಿಲ್ಲುತ್ತದೆ.

ಹಾಗೇ ಬಿಟ್ಟರೆ ಈ ಬಣ್ಣಕ್ಕೆ ನಿಂಬೆಹಣ್ಣು ಶತ್ರು. ಒಂದು ಹನಿ ರಸ ಬಿದ್ದ ಜಾಗ ಮಾಸುತ್ತದೆ. ಮೇಲೊಂದು ರಕ್ಷಣೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರು ಬೆರೆಸುವ ಬಗೆಯ ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಷ್ ಕೇಳಿ ತಂದು ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಎಣ್ಣೆ ಬಗೆಯದು ಮರವನ್ನು ಮತ್ತೆ ಹಳದಿ ಮಾಡುತ್ತದೆ. ಮುಂದೆ ಹೊಡೆದಷ್ಟೇ ಹಿಂದೆಯೂ ಹೊಡೆಯಿರಿ. ಒಂದೇ ಕಡೆ ಬಳಿದರೆ ಇನ್ನೊಂದು ಕಡೆ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ. ಎಲ್ಲಕ್ಕೂ ಮೊದಲು ಒಂದು ಚೂರು ಮರಕ್ಕೆ ಹಚ್ಚಿ ಒಣಗಿಸಿ, ಕಿಟಕಿ ಎದುರು ಇಟ್ಟು, ಮೇಲೆ ಸ್ಟೀಲ್ ಲೋಟ ನಿಲ್ಲಿಸಿ, ಕ್ಯಾಮೆರಾ ಇರುವ ಎತ್ತರಕ್ಕೆ ಬಗ್ಗಿ ನೋಡಿ. ಲೋಟದ ಬುಡದಲ್ಲಿ ಅದರ ನೆರಳು ಮಾತ್ರ ಕಾಣಬೇಕು. ಲೋಟವೇ ತಲೆಕೆಳಗಾಗಿ ಕಂಡರೆ ಆ ಪಿಯು ಡಬ್ಬಿ ನಿಮ್ಮ ಕೆಲಸಕ್ಕೆ ಬಾರದು.

ಅಳತೆ ಬಗ್ಗೆ ಹೇಳುವುದಾದರೆ, ಒಂದು ತಟ್ಟೆಯನ್ನು ಮೇಲಿನಿಂದ ತೆಗೆಯಲು 2×2 ಅಡಿ ಸಾಕು. ಓರೆಯಾಗಿ ತೆಗೆಯುವಾಗ ಹಿಂದಿನ ಜಾಗ ಜಾಸ್ತಿ ಬೇಕು, 2×3 ಮಾಡಿಸಿ. ಬಾಳೆ ಎಲೆ ಊಟಕ್ಕೆ ಅದೂ ಇಕ್ಕಟ್ಟು. ಆಗ ಫೋನನ್ನು ಹಿಂದೆ ಸರಿಸಿ 2ಎಕ್ಸ್ ಜೂಮ್ ಬಳಸಿ. ಎರಡು ಹಲಗೆ ಮಾಡುವುದಾದರೆ ಒಂದು ಗಾಢ, ಒಂದು ತಿಳಿ ಇರಲಿ. ಅಕ್ಕಿ ರೊಟ್ಟಿ, ಇಡ್ಲಿ ಗಾಢ ಹಲಗೆ ಮೇಲೆ ಬೆಳಗುತ್ತವೆ. ರಾಗಿ ಮುದ್ದೆ ಅಲ್ಲಿ ಕರಗಿಹೋಗುತ್ತದೆ, ಅದಕ್ಕೆ ತಿಳಿ ಹಲಗೆಯೇ ಬೇಕು. ಮೇಲಿನಿಂದ ತೆಗೆಯುವಾಗ ಹಲಗೆಯ ಗೆರೆ ಚಿತ್ರದ ಅಂಚಿಗೆ ಸಮನಾಗಿರಲಿ, ಇಲ್ಲವೇ ಧಾರಾಳವಾಗಿ ಓರೆಯಾಗಿರಲಿ. ಚೂರೇ ಚೂರು ವಾಲಿದ್ದರೆ ಕಣ್ಣಿಗೆ ಕಿರಿಕಿರಿ, ಅಲ್ವಾ.

ಅರಿಶಿನದ ಕಲೆ ಬಿದ್ದರೆ ಗಾಬರಿ ಬೇಡ. ಒರೆಸಿ, ಕೆಲವು ದಿನ ಬೆಳಗಿನ ಎಳೆ ಬಿಸಿಲಿಗೆ ಇಟ್ಟು ತೆಗೆಯಿರಿ. ಅರಿಶಿನ ಬಿಸಿಲಿಗೆ ಮಾಸುತ್ತದೆ. ಮಧ್ಯಾಹ್ನದ ಸುಡು ಬಿಸಿಲಲ್ಲಿ ಬಿಟ್ಟರೆ ಹಲಗೆ ಸೊಟ್ಟಗಾಗುತ್ತದೆ. ಒಳಗಿಳಿದ ಎಣ್ಣೆ ಕಲೆ ಮಾತ್ರ ಹೀಗೆ ಹೋಗುವುದಿಲ್ಲ. ಆ ಜಾಗವನ್ನು 120ರಲ್ಲಿ ಉಜ್ಜಿ, ಟೀ, ವಿನೆಗರ್ ನೀರು, ಮ್ಯಾಟ್ ಕೋಟ್ ಮೂರನ್ನೂ ಅಷ್ಟಕ್ಕೇ ಮತ್ತೆ ಹಚ್ಚಿ.