ಬೇಸಿಗೆಯಲ್ಲಿ ಪ್ರೊಸೆಸರ್ 88 ಡಿಗ್ರಿ: ಲಿಕ್ವಿಡ್ ಕೂಲರ್ ಹಾಕಿಸಬೇಕಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾನೇ ಒಂದೊಂದೇ ಪಾರ್ಟ್ ತಂದು ಪಿಸಿ ಜೋಡಿಸಿದೆ. ಪ್ರೊಸೆಸರ್ ರೈಜನ್ 5 5600, ಅದರ ಡಬ್ಬಿಯಲ್ಲೇ ಬಂದ ಕೂಲರ್. ಆಗ ಗೇಮ್ ಆಡುವಾಗ 75 ಡಿಗ್ರಿ ಇರುತ್ತಿತ್ತು. ಈಗ ರಾಯಚೂರಿನ ಏಪ್ರಿಲ್, 88 ತೋರಿಸುತ್ತಿದೆ. ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿತಾ? ಲಿಕ್ವಿಡ್ ಕೂಲರ್ ಹಾಕಿಸಬೇಕಾ?

ಉತ್ತರ: ದುಡ್ಡು ಬಿಚ್ಚುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಡಿಸೆಂಬರ್‌ನಲ್ಲಿ ನಿಮ್ಮ ಕೋಣೆ ಸುಮಾರು 25 ಡಿಗ್ರಿ ಇತ್ತು ಅಂದುಕೊಳ್ಳಿ. ಈಗ ಆರ್‌ಸಿಸಿ ಮನೆಯೊಳಗೆ ಮಧ್ಯಾಹ್ನ 38 ಆದರೂ ಆಶ್ಚರ್ಯವಿಲ್ಲ. 75ರಲ್ಲಿ 25 ಕಳೆದರೆ 50. 88ರಲ್ಲಿ 38 ಕಳೆದರೂ 50. ಪೇಸ್ಟ್ ಒಣಗಿಲ್ಲ, ಕೂಲರ್ ಕೆಟ್ಟಿಲ್ಲ. ನಿಮ್ಮೂರಿನ ಬಿಸಿಲು ಏರಿದೆ, ಅಷ್ಟೇ.

ಕೂಲರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಅದು ಫ್ರಿಜ್ ಅಲ್ಲ. ಚಿಪ್‌ನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ಲಿಕ್ವಿಡ್ ಕೂಲರ್‌ನದೂ ಅದೇ ಕಥೆ. ನೀರು ಬಿಸಿಯನ್ನು ರೇಡಿಯೇಟರ್‌ವರೆಗೆ ಹೊತ್ತುಕೊಂಡು ಹೋಗುತ್ತದೆ, ಅಲ್ಲಿಂದ ಅದು ಸೇರುವುದು ಅದೇ 38 ಡಿಗ್ರಿ ಗಾಳಿಗೆ. 65 ವ್ಯಾಟ್‌ನ ಪ್ರೊಸೆಸರ್‌ಗೆ ಅಷ್ಟೆಲ್ಲ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ 88 ಅನ್ನು ಹಾಗೇ ಬಿಡುವಂತಿಲ್ಲ. ಈ ಪ್ರೊಸೆಸರ್‌ನ ಮಿತಿ 90. ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ, ಗೇಮ್ ತಡವರಿಸಬಹುದು. ಮಿತಿ ಚಿಪ್‌ನಿಂದ ಚಿಪ್‌ಗೆ ಬೇರೆ. ರೈಜನ್ 7600ಎಕ್ಸ್‌ಗೆ 95, ಇಂಟೆಲ್ ಐ5 12400ಕ್ಕೆ 100. ಪಕ್ಕದ ಮನೆಯವರ ನಂಬರ್ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ಈಗ ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಅದೇ ಗೇಮ್ ಅರ್ಧ ಗಂಟೆ ಆಡಿ. ಏಳೆಂಟು ಡಿಗ್ರಿ ಇಳಿಯಿತಾ? ಹಾಗಾದರೆ ತೊಂದರೆ ಗಾಳಿಯ ಓಡಾಟದ್ದು. ಕಂಪ್ಯೂಟರ್ ಟೇಬಲ್‌ನಲ್ಲಿ ಸಿಪಿಯು ಇಡೋಕೆ ಅಂತ ಒಂದು ಗೂಡು ಮಾಡಿರುತ್ತಾರಲ್ಲ, ಮೊದಲು ಅದರಿಂದ ಹೊರಗೆ ತೆಗೆಯಿರಿ. ಉಗುಳಿದ ಬಿಸಿ ಗಾಳಿಯನ್ನೇ ಪಾಪ ಮತ್ತೆ ಎಳೆದುಕೊಳ್ಳುತ್ತಿರುತ್ತದೆ. ಆಮೇಲೆ ಫ್ಯಾನ್‌ಗಳ ದಿಕ್ಕು ನೋಡಿ: ಮುಂದಿನದು ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಸಾಮಾನ್ಯವಾಗಿ ಮೋಟರ್ ಹಿಡಿದಿರುವ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಧೂಳು ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬ್ಲೋವರ್ ಗಾಳಿಗೆ ಗಿರ್ರನೆ ತಿರುಗಲು ಬಿಡಬೇಡಿ. ಬಾಗಿಲು ತೆಗೆದೇ ಇಡ್ತೀನಿ ಅಂದರೆ ಹಲ್ಲಿ ಒಳಗೆ ಮನೆ ಮಾಡಿದಾಗ ನನ್ನನ್ನು ಬೈಯಬೇಡಿ.

ಬಾಗಿಲು ತೆಗೆದರೂ ಇಳಿಯಲಿಲ್ಲವಾ? ಹಾಗಾದರೆ ಆ ಪುಟ್ಟ ಕೂಲರ್‌ನ ಶಕ್ತಿಯೇ ಅಷ್ಟು. 120 ಮಿಲಿಮೀಟರ್ ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ ಧಾರಾಳವಾಗಿ ಸಾಕು. ಅದಕ್ಕೂ ಮೊದಲು ಬಯಾಸ್‌ನಲ್ಲಿ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ, ಕರೆಂಟ್ ಬಳಕೆ ತಗ್ಗಿಸುವ ಇಕೋ ಮೋಡ್ ಇದ್ದರೆ 45 ವ್ಯಾಟ್‌ಗೆ ಇಳಿಸಿ ನೋಡಿ. ಮಾನಿಟರ್ 60 ಹರ್ಟ್ಸ್‌ನದಾದರೆ ಗೇಮನ್ನೂ ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿ. ತೋರಿಸಲಾಗದ ಫ್ರೇಮ್‌ಗಳಿಗಾಗಿ ಚಿಪ್ ಯಾಕೆ ಬೇಯಬೇಕು, ಅಲ್ವಾ?

ಟವರ್ ಕೂಲರ್ ತಂದರೆ ಒಂದು ಮಾತು. ಹಾಕಿ ಒಂದೇ ನಿಮಿಷಕ್ಕೆ, ಬಯಾಸ್‌ನಲ್ಲೇ 90 ಮುಟ್ಟಿದರೆ ಅದಕ್ಕೆ ಬಿಸಿಲು ಕಾರಣವಲ್ಲ. ಸಿಪಿಯು ಫ್ಯಾನ್ ವೈರ್ ಸಿಕ್ಕಿಸಿದ್ದೀರಾ ನೋಡಿ. ಆಮೇಲೆ ಕೂಲರ್ ಬಿಚ್ಚಿ ತಳ ನೋಡಿ. ಅಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಕಿತ್ತು ಹಾಕಿ ಅಂತ ಅದರ ಮೇಲೆ ದೊಡ್ಡದಾಗಿ ಬರೆದೂ ಇರುತ್ತದೆ. ನಾನು ಓದಿದ್ದೆ. ಆದರೂ ಕಿತ್ತಿರಲಿಲ್ಲ.